ಎರವಲು ಹೋಗದ ಪುಸ್ತಕಗಳು

ಯಲಹಂಕದ ಕಡೆಯ ನಮ್ಮ ಕಾಲೇಜಿನ ಪುಸ್ತಕ ಭಂಡಾರಕ್ಕೆ ಈ ವರ್ಷ ಹೊಸ ಕಳೆ ಬಂದಿದೆ. ಬಾಗಿಲು ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಗಣಕಯಂತ್ರಗಳು ಸಾಲಾಗಿ ಕುಳಿತಿವೆ. ವಿಜ್ಞಾನದ ವಿದ್ಯಾರ್ಥಿಗಳು ಹಿಂದೆ ಹೆಸರಷ್ಟೇ ಕೇಳಿದ್ದ ವಿದೇಶೀ ಪತ್ರಿಕೆಗಳನ್ನು ‘ಎನ್-ಲಿಸ್ಟ್’ ಯೋಜನೆಯ ಮೂಲಕ ಮನೆಯಲ್ಲಿಯೇ ಕುಳಿತು ಓದುತ್ತಾರೆ. ಇದನ್ನು ಮೆಚ್ಚದವನು ಬರಿಯ ಧೂಳಿನ ಮೋಹಿ. ನಾನೂ ಮೆಚ್ಚಿದ್ದೇನೆ.

ಆದರೆ ಯಂತ್ರಗಳಿಗೆ ಸ್ಥಳ ಬೇಕಾಯಿತು, ಪುಸ್ತಕಗಳು ಏಳಬೇಕಾಯಿತು. ಯಾವುವು ಏಳಬೇಕೆಂಬುದಕ್ಕೆ ಸಮಿತಿ ಹಾಕಿಕೊಂಡ ಸೂತ್ರ ಬಹು ಸರಳವಾದುದು: ಹತ್ತು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗದ ಪುಸ್ತಕ ಕಪಾಟಿನಿಂದ ಇಳಿಯತಕ್ಕದ್ದು. ಹೀಗೆ ಇಳಿದವುಗಳಲ್ಲಿ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳಿವೆ, ಕಿಟ್ಟೆಲರ ನಿಘಂಟು ಇದೆ, ಬೆಂಗಳೂರು ಜಿಲ್ಲೆಯ ಶಾಸನಗಳನ್ನೊಳಗೊಂಡು 1905ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವೂ ಇದೆ. ಇವು ಎರವಲು ಹೋಗಲಿಲ್ಲ, ನಿಜ. ಹೇಗೆ ಹೋದಾವು? ‘ಪರಾಮರ್ಶನಕ್ಕೆ ಮಾತ್ರ, ಹೊರಗೆ ಕೊಡತಕ್ಕದ್ದಲ್ಲ’ ಎಂದು ಅವುಗಳ ಒಳಪುಟದಲ್ಲಿ ಕೆಂಪು ಮುದ್ರೆ ಒತ್ತಿದವರು ನಾವೇ. ನಮ್ಮ ಆಜ್ಞೆಯನ್ನು ಪಾಲಿಸಿದ ತಪ್ಪಿಗೆ ಅವಕ್ಕೆ ಈಗ ದಂಡನೆ!

ಸುಮಾರು ಕ್ರಿ.ಶ. 750ರದೆನ್ನುವ, ಗಂಗ ದೊರೆ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದಿತಷ್ಟೆ. ಆ ಸುದ್ದಿಯನ್ನು ಓದಿದ ವಿದ್ಯಾರ್ಥಿನಿಯೊಬ್ಬಳು ಗಂಗರ ಚರಿತ್ರೆಯೊಂದನ್ನು ಹುಡುಕಿಕೊಂಡು ಭಂಡಾರಕ್ಕೆ ಬಂದಳು. ಅದರ ಪಕ್ಕದಲ್ಲಿದ್ದ ದಪ್ಪ ಸಂಪುಟವನ್ನು ಕುತೂಹಲಕ್ಕೆ ತೆರೆದಳು. ಸಂಜೆಯವರೆಗೆ ಕಿಟಕಿಯ ಬಳಿ ನಿಂತೇ ಓದಿದಳು. ತಾನು ದಿನವೂ ಬಸ್ಸಿನಲ್ಲಿ ದಾಟುವ ಊರುಗಳ ಹೆಸರುಗಳನ್ನು ಅದರಲ್ಲಿ ಕಂಡು ನನ್ನ ಬಳಿಗೆ ಓಡಿಬಂದಳು. ಎರವಲಿನ ದಫ್ತರದಲ್ಲಿ ಆ ಸಂಜೆಯ ಲೆಕ್ಕ ಸೊನ್ನೆ.

“ಇವೆಲ್ಲ ಅಂತರಜಾಲದಲ್ಲಿ ಸಿಗುತ್ತವಲ್ಲ ಸ್ವಾಮಿ” ಎನ್ನುತ್ತಾರೆ. ಹೆಸರು ಬಲ್ಲವನಿಗೆ ಸಿಗುತ್ತವೆ. ಆ ಹುಡುಗಿಗೆ ಹೆಸರು ಗೊತ್ತಿರಲಿಲ್ಲ; ನೆರೆಯ ಪುಸ್ತಕ ಅವಳನ್ನು ಕರೆಯಿತು.

ಸಮಿತಿಯ ಸದಸ್ಯರೊಬ್ಬರು ರಂಗನಾಥನ್ ಅವರನ್ನೇ ಸಾಕ್ಷಿಗೆ ಕರೆದರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದಲ್ಲವೇ? ಅಹುದು. ಆದರೆ ಉಪಯೋಗವೆಂದರೆ ಎರವಲೊಂದೇ ಎಂದು ಆ ಮಹನೀಯರು ಎಲ್ಲಿಯೂ ಹೇಳಿದವರಲ್ಲ. ಓದುಗನನ್ನು ಕಪಾಟುಗಳ ನಡುವೆ ಸ್ವತಂತ್ರವಾಗಿ ಬಿಡಿರೆಂದು ವಾದಿಸಿದವರು ಅವರು. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನು ದೊರೆಯಬೇಕೆಂಬುದು ಅವರ ಮೂರನೆಯ ಸೂತ್ರ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿದ್ಯೆಗಾಗಿಯೇ ಒಂದು ಕೇಂದ್ರವನ್ನು ಕಟ್ಟಿ, 1972ರಲ್ಲಿ ಈ ಊರಿನಲ್ಲಿಯೇ ಕಣ್ಣು ಮುಚ್ಚಿದ ಹಿರಿಯರ ಮಾತನ್ನು ಈ ಊರಿನವರಾದ ನಾವಾದರೂ ಪೂರ್ತಿಯಾಗಿ ಓದಬೇಡವೇ?

ಹೊಸ ಸೂಚಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅದರಲ್ಲಿ ಕನ್ನಡ ಪುಸ್ತಕಗಳೆಲ್ಲ ಇಂಗ್ಲಿಷ್ ಅಕ್ಷರಗಳ ವೇಷ ತೊಟ್ಟಿವೆ. ತಕಾರಕ್ಕೆ ಒಬ್ಬ ಗುಮಾಸ್ತರು ಒಂದಕ್ಷರ ಬರೆದರೆ ಇನ್ನೊಬ್ಬರು ಎರಡು ಬರೆದಿದ್ದಾರೆ. ಹಾಗಾಗಿ ‘ಕವಿಚರಿತೆ’ ಒಮ್ಮೆ ಇದೆ, ಒಮ್ಮೆ ಇಲ್ಲ. ಹಳ್ಳಿಗೂ ಹಲ್ಲಿಗೂ ಅಲ್ಲಿ ಭೇದವೇ ಇಲ್ಲ. ಯುನಿಕೋಡಿನಲ್ಲಿ ಕನ್ನಡ ಲಿಪಿಗೆ ಸ್ಥಾನ ದೊರೆತುದು 1991ರಲ್ಲಿ. ಯಂತ್ರಕ್ಕೆ ಕನ್ನಡ ಬಾರದೆಂಬ ನೆಪ ಇಂದು ಸಲ್ಲದು. ಸೂಚಿಯಲ್ಲಿ ಕಾಣಿಸದ ಪುಸ್ತಕವನ್ನು ಯಾರು ಕೇಳಿಯಾರು? ಕೇಳದ್ದನ್ನು ಹತ್ತು ವರ್ಷ ಕಳೆದ ಮೇಲೆ ಅದೇ ಸೂತ್ರ ಕಪಾಟಿನಿಂದ ಇಳಿಸುತ್ತದೆ.

ಕಪಾಟಿನಿಂದ ಇಳಿದ ಪುಸ್ತಕಗಳು ಸದ್ಯಕ್ಕೆ ಮೆಟ್ಟಿಲ ಕೆಳಗೆ ಗೋಣಿಚೀಲಗಳಲ್ಲಿವೆ. ಬುಧವಾರ ಸಮಿತಿ ಮತ್ತೆ ಸೇರಲಿದೆ. ಕೆಂಪು ಮುದ್ರೆಯ ಪುಸ್ತಕಗಳನ್ನಷ್ಟೇ ಬೇರೆ ಪಟ್ಟಿ ಮಾಡಿದ್ದೇನೆ. ಅವುಗಳ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟವಳು ಆ ಹುಡುಗಿಯೇ.