ಸಿಂಗರಿಸಿಕೊಂಡ ಚಿಮಣಿ

ಕಸ ಸುಡುವ ಕಾರ್ಖಾನೆ ಊರಾಚೆಗೇ ಇರಬೇಕು ಎನ್ನುವುದು ಎಲ್ಲ ಊರಿನವರ ಹಟ. ವಿಯೆನ್ನಾ ನಗರ ಮಾತ್ರ ಅದನ್ನು ಡ್ಯಾನ್ಯೂಬ್ ಕಾಲುವೆಯ ದಡದಲ್ಲಿ, ಮೆಟ್ರೊ ನಿಲ್ದಾಣದ ಮಗ್ಗುಲಲ್ಲೇ ಇಟ್ಟುಕೊಂಡಿದೆ. ಸ್ಪಿಟೆಲಾವ್ ಘಟಕದ 126 ಮೀಟರ್ ಎತ್ತರದ ಚಿಮಣಿಯನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ.

1971ರಲ್ಲಿ ಶುರುವಾದಾಗ ಇದು ನಗರದ ದೊಡ್ಡಾಸ್ಪತ್ರೆಗೆ ಶಾಖ ಒದಗಿಸುವ ಸಾದಾ ಕಾರ್ಖಾನೆ. 1987ರಲ್ಲಿ ಬೆಂಕಿ ಬಿದ್ದು ಹಾಳಾಯಿತು. ಅದನ್ನು ಮತ್ತೆ ಕಟ್ಟುವಾಗ ಮೇಯರ್ ಹೆಲ್ಮುಟ್ ಜಿಲ್ಕ್, ಕಲಾವಿದ ಹುಂಡರ್ಟ್‌ವಾಸರ್ ಅವರನ್ನು ಕರೆದರು. ಪರಿಸರವಾದಿಯಾಗಿದ್ದ ಹುಂಡರ್ಟ್‌ವಾಸರ್ ಮೊದಲು ಒಲ್ಲೆನೆಂದರು. ಹೊಗೆ ಶುದ್ಧೀಕರಿಸುವ ಅತ್ಯುತ್ತಮ ತಂತ್ರಜ್ಞಾನ ಅಳವಡಿಸುವ ಭರವಸೆ ಸಿಕ್ಕ ಮೇಲೆಯೇ ಒಪ್ಪಿದ್ದು. 1992ರ ಹೊತ್ತಿಗೆ ಹೊಸ ರೂಪ ಸಿದ್ಧವಾಯಿತು.

ಹುಂಡರ್ಟ್‌ವಾಸರ್ ಅವರಿಗೆ ಸರಳರೇಖೆ ಕಂಡರಾಗುತ್ತಿರಲಿಲ್ಲ. ಚಿಮಣಿಯೋ ನೆಟ್ಟಗೆ ನಿಲ್ಲಲೇಬೇಕು. ಹೊಗೆಯನ್ನು ಮೇಲಕ್ಕೆಳೆದು ಗಾಳಿಯಲ್ಲಿ ಚದುರಿಸುವುದು ಅದರ ಎತ್ತರವೇ. ರೇಖೆಯನ್ನು ಬಗ್ಗಿಸಲಾಗದ ಕಲಾವಿದರು ಅದನ್ನು ತಡೆದರು: ನೀಲಿ ಕೊಳವೆಯ ಮೇಲ್ಭಾಗದಲ್ಲಿ ಚಿನ್ನದ ಬಣ್ಣದ ಭಾರಿ ಗುಂಡೊಂದನ್ನು ಕೂರಿಸಿದರು. ಸರ್ರನೆ ಮೇಲೇರುವ ಕಣ್ಣು ಅಲ್ಲಿ ಗಕ್ಕನೆ ನಿಲ್ಲುತ್ತದೆ. ಶಿಲ್ಪವಾಗಿ ಇದು ಜಾಣ ಪರಿಹಾರ.

ವಾಸ್ತುಶಿಲ್ಪವಾಗಿ? ಒಂದರಂತೆ ಒಂದಿಲ್ಲದ ಕಿಟಕಿಗಳು, ಛಾವಣಿಯ ಗಿಡಮರಗಳು, ಗೋಡೆಯ ಬಣ್ಣಗಳು ಎಲ್ಲವೂ ಹೊರಮೈಯ ಮೇಕಪ್. ಒಳಗಿನ ಕುಲುಮೆ, ಬಾಯ್ಲರ್‌ಗಳಿಗೂ ಅವಕ್ಕೂ ಸಂಬಂಧವಿಲ್ಲ. ಲಂಡನ್ನಿನ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ ನೋಡಿ. ವಾಸ್ತುಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅದರ 99 ಮೀಟರ್ ಚಿಮಣಿಯನ್ನು ಕಟ್ಟಡದ ನಟ್ಟನಡುವೆ ಅದೇ ಇಟ್ಟಿಗೆಯಲ್ಲಿ ಎಬ್ಬಿಸಿದರು. ಎದುರು ದಡದ ಸೇಂಟ್ ಪಾಲ್ ಚರ್ಚಿನ ಗುಮ್ಮಟವನ್ನು ಮೀರದಂತೆಯೂ ನೋಡಿಕೊಂಡರು. 2000ದಲ್ಲಿ ಅದು ಟೇಟ್ ಮಾಡರ್ನ್ ಕಲಾಸಂಗ್ರಹಾಲಯವಾದಾಗ ಆ ಚಿಮಣಿಗೆ ಬೇರೆ ವೇಷ ಬೇಕಾಗಲಿಲ್ಲ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಸ್ಪಿಟೆಲಾವ್‌ನ ಅಂದ ನೋಡುಗರಿಗೆ ಸಮಾಧಾನ ಹೇಳುತ್ತದೆ, ಒಳಗಿನ ಸುದ್ದಿ ಹೇಳುವುದಿಲ್ಲ. ಕೋಪನ್‌ಹೇಗನ್ನಿನ ಅಮಾಗರ್ ಬಾಕೆ ಎಂಬ ಕಸ ಸುಡುವ ಘಟಕಕ್ಕೆ ಒಂದು ಯೋಜನೆಯಿತ್ತು: ಇಂತಿಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿದ್ದಾಗಲೆಲ್ಲ ಚಿಮಣಿ ಒಂದು ಉಂಗುರ ಊದಬೇಕು, ಜನ ಎಣಿಸಿಕೊಳ್ಳಬೇಕು. ಛಾವಣಿಯ ಸ್ಕೀ ಇಳಿಜಾರು ಕೈಗೂಡಿತು, ಉಂಗುರ ಕೈಗೂಡಲಿಲ್ಲ. ಸ್ಪಿಟೆಲಾವ್‌ನಲ್ಲಿ ಅಂಥ ಲೆಕ್ಕ ಒಪ್ಪಿಸುವ ಅಲಂಕಾರ ಒಂದೂ ಇಲ್ಲ.

ಹಾಗೆಂದು ಅದನ್ನು ತಳ್ಳಿಹಾಕಲಾಗದು. ಊರಿನ ಕಸ ಊರಿನ ಕಣ್ಣೆದುರೇ ಉರಿದು, ಆ ಶಾಖ ಊರಿನ ಮನೆಗಳಿಗೇ ಮರಳುತ್ತದೆ. ಎಲ್ಲರೂ ನೋಡುವ ಚಿಮಣಿ ಕಪ್ಪು ಹೊಗೆ ಉಗುಳಿ ದಕ್ಕಿಸಿಕೊಳ್ಳುವುದು ಕಷ್ಟ. ಆದರೆ ಕಸ ಉರಿದಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷ ಕಣ್ಣಿಗೆ ಕಾಣುವುದಿಲ್ಲ; ಅದನ್ನು ಹಿಡಿಯುವುದು ಒಳಗಿನ ಶುದ್ಧೀಕರಣ ಯಂತ್ರವೇ ಹೊರತು ಬಣ್ಣವಲ್ಲ. ಆದ್ದರಿಂದಲೇ ಕುಂಚ ಹಿಡಿಯುವ ಮುನ್ನ ಹುಂಡರ್ಟ್‌ವಾಸರ್ ಕೇಳಿ ಪಡೆದ ಆ ಭರವಸೆ, ಚಿನ್ನದ ಗುಂಡಿಗಿಂತ ಹೆಚ್ಚು ಬೆಲೆಯದು.