ಕೂಡಿ ಬಾಳಿದವರು ಬರೆದ ಒಂಟಿ ಪುಸ್ತಕ

ಪುಸ್ತಕಗಳ ಮೇಲೆ ಅಷ್ಟಾಗಿ ನಂಬಿಕೆಯಿಲ್ಲದ ಪುಸ್ತಕವೊಂದು ಆರುನೂರು ವರ್ಷಗಳಿಂದ ಕ್ರೈಸ್ತರ ಕೈಬಿಟ್ಟಿಲ್ಲ. ಥಾಮಸ್ ಕೆಂಪಿಸನ 'ಕ್ರಿಸ್ತಾನುಕರಣೆ' 15ನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್‌ನಲ್ಲಿ ಹುಟ್ಟಿತು. ಪಶ್ಚಾತ್ತಾಪ ಎಂದರೇನೆಂದು ವಿವರಿಸಬಲ್ಲ ಪಂಡಿತನಿಗಿಂತ ಪಶ್ಚಾತ್ತಾಪ ಪಟ್ಟವನೇ ಮೇಲು ಎಂಬುದು ಅದರ ನಿಲುವು. ಲೊಯೋಲಾದ ಇಗ್ನೇಷಿಯಸ್ ಇದನ್ನು ಮೆಚ್ಚಿ ಓದಿದ. ಜಾನ್ ವೆಸ್ಲಿ 1735ರಲ್ಲಿ ಇಂಗ್ಲಿಷ್‌ನಲ್ಲಿ ಪ್ರಕಟಿಸಿದ. ಪರಿವ್ರಾಜಕರಾಗಿ ಅಲೆಯುತ್ತಿದ್ದ ಸ್ವಾಮಿ ವಿವೇಕಾನಂದರ ಬಳಿ ಭಗವದ್ಗೀತೆಯ ಜೊತೆಗಿದ್ದದ್ದು ಇದೇ. 1889ರಲ್ಲಿ ಅದರ ಕೆಲವು ಅಧ್ಯಾಯಗಳನ್ನು ಅವರು ಬಂಗಾಳಿಗೆ ತಂದರು, ಅದರಲ್ಲಿ ದಾಸ್ಯಭಕ್ತಿಯನ್ನು ಕಂಡರು. ಜೆಸ್ವಿಟ್ಟರ ಮೂಲಪುರುಷ, ಮೆಥಡಿಸ್ಟ್ ಬೋಧಕ, ವೇದಾಂತಿ ಸಂನ್ಯಾಸಿ ಮೂವರೂ ಒಪ್ಪುವ ಪುಸ್ತಕವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಎಲ್ಲರಿಗೂ ಹೊಂದುವಂತಾಗಲು ಅದು ಏನನ್ನೋ ಬಿಟ್ಟಿರಲೇಬೇಕು.

ಬಿಟ್ಟದ್ದೇನೆಂದು ತಿಳಿಯಲು ನೆದರ್ಲೆಂಡ್ಸ್‌ನ ಡೆವೆಂಟರ್ ಊರಿಗೆ ಹೋಗಬೇಕು. ಅಲ್ಲಿನ ಸಿರಿವಂತ ಮನೆತನದ ಗೇರ್ಟ್ ಗ್ರೋಟೆ ಪ್ಯಾರಿಸ್‌ನಲ್ಲಿ ಓದಿ ಬಂದವನು. ಮನಸ್ಸು ತಿರುಗಿದ ಮೇಲೆ, 1374ರಲ್ಲಿ, ತನ್ನ ಮನೆಯನ್ನೇ ಬಡ ಹೆಂಗಸರಿಗೆ ಬಿಟ್ಟುಕೊಟ್ಟ. ಅವನ ಸುತ್ತ ಬೆಳೆದದ್ದೇ 'ನವ್ಯ ಭಕ್ತಿ' ಎಂಬ ಚಳವಳಿ; ಕೆಂಪಿಸನೂ ಅದರವನೇ. ಅದರ ಸೋದರ ಸೋದರಿಯರು ಸಂನ್ಯಾಸದ ಪ್ರತಿಜ್ಞೆ ತೊಡದೆ, ಗಳಿಕೆಯನ್ನು ಒಟ್ಟುಗೂಡಿಸಿ, ಹೆಂಗಸರೂ ಗಂಡಸರೂ ಬೇರೆ ಬೇರೆ ಮನೆಗಳಲ್ಲಿ ಕೂಡಿ ಬಾಳಿದರು. ಪ್ರತಿಜ್ಞೆಯಿಲ್ಲದ ಇಂಥ ಬದುಕಿಗೆ ಬೆಲೆಯಿಲ್ಲವೆಂದು ಮ್ಯಾಥ್ಯೂ ಗ್ರಾಬೋ ಎಂಬ ಡೊಮಿನಿಕನ್ ಸಂನ್ಯಾಸಿ ಕಾನ್‌ಸ್ಟನ್ಸ್‌ನಲ್ಲಿ ಸೇರಿದ ಚರ್ಚಿನ ಮಹಾಸಭೆಯವರೆಗೂ ದೂರು ಒಯ್ದ, ಅಲ್ಲಿ ಸೋತ. ಸೋದರರ ಹೊಟ್ಟೆಪಾಡು ಹೆಚ್ಚಾಗಿ ಹಸ್ತಪ್ರತಿಗಳ ನಕಲಿನಿಂದ ನಡೆಯುತ್ತಿತ್ತು. ಗ್ರೋಟೆ ಪ್ರಾರ್ಥನಾ ಪುಸ್ತಕವನ್ನು ಡಚ್ ಭಾಷೆಗೆ ತಂದಿದ್ದ. ಸಾಮಾನ್ಯ ಜನ ತಮ್ಮ ನುಡಿಯಲ್ಲೇ ಧರ್ಮಗ್ರಂಥ ಓದಬಹುದೆಂದು ಸೋದರರಲ್ಲೊಬ್ಬನಾದ ಜೆರಾರ್ಡ್ ಜೆರ್ಬೋಲ್ಟ್ ವಾದ ಹೂಡಿದ. ಓದು ಇವರಿಗೆ ಪಾಂಡಿತ್ಯವೂ ಅಲ್ಲ, ಬಿಡುವಿನ ಹವ್ಯಾಸವೂ ಅಲ್ಲ. ದಿನದ ದುಡಿಮೆಯೇ ಅದು.

ಇವರ ಒಂದು ರೂಢಿಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಓದುವಾಗ ಮನಸ್ಸಿಗೆ ನಾಟಿದ ಮಾತನ್ನು ಪ್ರತಿಯೊಬ್ಬರೂ ತಮ್ಮದೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಆ ಪುಸ್ತಕಕ್ಕೆ ಅವರಿಟ್ಟ ಹೆಸರು ರಪಿಯಾರಿಯಂ. ಆಗಸ್ಟೀನನದೊಂದು ಸಾಲು, ಬೈಬಲಿನದೊಂದು ವಾಕ್ಯ, ಪಕ್ಕದಲ್ಲಿ ತನ್ನದೇ ತಪ್ಪಿನ ನೆನಪು. ಕೆಂಪಿಸ್ ಬರೆದದ್ದೂ ಈ ಜಾತಿಯ ಬರಹವನ್ನೇ. ಅದರಲ್ಲಿ ವಾದ ಮುಂದಕ್ಕೆ ಸಾಗುವುದಿಲ್ಲ. ಸೂಕ್ತಿಯ ಮೇಲೆ ಸೂಕ್ತಿ ಕೂರುತ್ತದೆ, ಹೇಳಿದ್ದೇ ಮತ್ತೆ ಬರುತ್ತದೆ. ಒಂದೇ ಸಮನೆ ಓದಲು ಕುಳಿತವನಿಗೆ ಐವತ್ತನೆಯ ಪುಟದ ಹೊತ್ತಿಗೆ ಆಕಳಿಕೆ ಬಂದರೆ ತಪ್ಪು ಅವನದಲ್ಲ. ದಿನಕ್ಕೊಂದು ಪುಟದಂತೆ ಓದಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಹೊಗಳಿಕೆಗೆ ಹಾತೊರೆಯುವ ನಮ್ಮ ಮನಸ್ಸಿನ ಸಣ್ಣ ಸಣ್ಣ ಹುನ್ನಾರಗಳನ್ನು ಕೆಂಪಿಸನಷ್ಟು ಚೆನ್ನಾಗಿ ಹಿಡಿದವರು ಕಡಿಮೆ. ಓದುಗ ಸಿಕ್ಕಿಬೀಳುತ್ತಾನೆ. ಪುಸ್ತಕ ವಿಶ್ವಾಸವನ್ನು ಬೆಳೆಸುವುದು ಹೊಸ ಸಂಗತಿ ತಿಳಿಸುವುದರಿಂದಲ್ಲ, ಹೀಗೆ ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದರಿಂದ.

ಆದರೆ ಇಡೀ ಪುಸ್ತಕದಲ್ಲಿ ನೆರೆಯವನು ಎಲ್ಲಿ? ಇರುವುದು ಆತ್ಮ ಮತ್ತು ಕ್ರಿಸ್ತ ಮಾತ್ರ. ಸಹಿಸಿಕೊಳ್ಳಬೇಕಾದವರಾಗಿ, ಹುಷಾರಾಗಿರಬೇಕಾದವರಾಗಿ ಉಳಿದ ಮನುಷ್ಯರು ಬಂದು ಹೋಗುತ್ತಾರೆ. ಗ್ರೋಟೆ ಮನೆ ಬಿಟ್ಟುಕೊಟ್ಟ ಬಡ ಹೆಂಗಸರಿಗೆ ಇಲ್ಲಿ ಜಾಗವಿಲ್ಲ. ಜನರ ನಡುವೆ ಹೋಗಿ ಬಂದಾಗಲೆಲ್ಲ ತನ್ನ ಮನುಷ್ಯತ್ವ ಕುಗ್ಗುತ್ತದೆಂಬ ಹಳೆಯ ಸ್ಟೋಯಿಕ್ ಕೊರಗನ್ನು ಕೆಂಪಿಸ್ ಒಪ್ಪಿ ಎತ್ತಿಕೊಳ್ಳುತ್ತಾನೆ. ಇದನ್ನು ಬರೆದವನು ಜ್ವೋಲೆಯ ಬಳಿ, ಇದೇ ಚಳವಳಿಯಿಂದ ಹುಟ್ಟಿದ ಆಗ್ನೀಟೆನ್‌ಬರ್ಗ್ ಮಠದಲ್ಲಿ ಬಾಳಿನ ಬಹುಭಾಗವನ್ನು ಕಳೆದವನು. ಕೂಡಿ ಉಂಡು, ಕೂಡಿ ಪ್ರಾರ್ಥಿಸಿ, ಇಡೀ ಬೈಬಲನ್ನು ಕೈಬರಹದಲ್ಲಿ ನಕಲು ಮಾಡಿ, ಎಳೆಯ ಸಂನ್ಯಾಸಿಗಳನ್ನು ತಿದ್ದಿದವನು. ಸಮುದಾಯ ಅವನಿಗೆ ಸುತ್ತಲಿನ ಗಾಳಿಯಂತಿತ್ತು; ಅದರ ಬಗ್ಗೆ ಬರೆಯುವ ಅಗತ್ಯ ಕಾಣಲಿಲ್ಲ. ಒಳಗಿನ ಏಕಾಂತ ಅವನು ದಿನವೂ ದುಡಿದು ಪಡೆಯಬೇಕಾಗಿದ್ದ ವಸ್ತು, ಅದನ್ನು ಬರೆದ. ಮುಂದೆ ಪುಸ್ತಕ ಮಠದ ಗೋಡೆ ದಾಟಿತು, ಆ ಗಾಳಿ ದಾಟಲಿಲ್ಲ. ಮೊದಲೇ ಒಂಟಿಯಾಗಿರುವವನ ಕೈಗೆ ಅದೇ ಪುಟಗಳು ಬಂದರೆ, ಮಠದಲ್ಲಿ ಮದ್ದಾಗಿದ್ದದ್ದು ಅವನ ರೋಗವನ್ನೇ ಹೆಚ್ಚಿಸಬಹುದು.

ಪುಸ್ತಕದಲ್ಲಿ ಪ್ರಭುಭೋಜನದ ಮೇಲೆ ಒಂದು ಇಡೀ ಭಾಗವಿದೆ; ಕೂಡಿ ಕುಳಿತ ಪಂಕ್ತಿಯ ಸುಳಿವು ಏನಾದರೂ ಇದ್ದರೆ ಅಲ್ಲಿಯೇ. ಅದರ ಸಿದ್ಧಾಂತ ಒಪ್ಪದ ಹಲವು ಪ್ರೊಟೆಸ್ಟೆಂಟ್ ಪ್ರಕಾಶಕರು ಆ ಭಾಗವನ್ನೇ ಕಿತ್ತುಹಾಕಿದರು.

ಇದು ಕೆಂಪಿಸ್ ಒಬ್ಬನ ಕಥೆಯಲ್ಲ. ಬೆಳಗಿನ ಧ್ಯಾನಕ್ಕೆ ಇಂದಿಗೂ ಲಕ್ಷಾಂತರ ಜನ ತೆರೆಯುವ ಆಸ್ವಾಲ್ಡ್ ಚೇಂಬರ್ಸ್‌ನ 'ಮೈ ಅಟ್ಮೋಸ್ಟ್ ಫಾರ್ ಹಿಸ್ ಹೈಯೆಸ್ಟ್' ಅವನು ಕುಳಿತು ಬರೆದ ಪುಸ್ತಕವಲ್ಲ. ಲಂಡನ್ನಿನ ಬೈಬಲ್ ಕಾಲೇಜಿನ ವಿದ್ಯಾರ್ಥಿಗಳಿಗೆ, ಆಮೇಲೆ ಈಜಿಪ್ಟಿನಲ್ಲಿದ್ದ ಸೈನಿಕರಿಗೆ ಅವನು ಆಡಿದ ಮಾತುಗಳನ್ನು ಹೆಂಡತಿ ಬಿಡ್ಡಿ ಶೀಘ್ರಲಿಪಿಯಲ್ಲಿ ಹಿಡಿದಿದ್ದಳು. ಅವನು 1917ರಲ್ಲಿ ತೀರಿಕೊಂಡ. ಅವಳು ಆ ಟಿಪ್ಪಣಿಗಳನ್ನು ದಿನಕ್ಕೊಂದು ಪುಟದಂತೆ ಜೋಡಿಸಿ 1927ರಲ್ಲಿ ಹೊರತಂದಳು. ಎದುರು ಕುಳಿತು ಕೇಳಿದವರು ಹೋದರು, ದಿನಾಂಕಗಳು ಉಳಿದವು. ಇಂದು ಅದನ್ನು ವ್ಯಕ್ತಿತ್ವ ವಿಕಸನದ ಪುಸ್ತಕಗಳ ಸಾಲಿನಲ್ಲಿಟ್ಟು ಓದುವವರಿದ್ದಾರೆ, ಕಷ್ಟವೇನೂ ಆಗುವುದಿಲ್ಲ. ಅದೇ ನನ್ನ ಆತಂಕ.

ಜರ್ಮನಿಯ ದೇವತಾಶಾಸ್ತ್ರಜ್ಞ ಬೊನ್‌ಹಾಫರ್ ಒಂಟಿ ಓದಿನ ಈ ಅಪಾಯವನ್ನು ಬಲ್ಲವನಾಗಿದ್ದ. ಫಿಂಕೆನ್‌ವಾಲ್ಡೆಯಲ್ಲಿ ಅವನು ನಡೆಸುತ್ತಿದ್ದ ಪಾದ್ರಿಗಳ ತರಬೇತಿ ಮನೆಯನ್ನು ಗೆಸ್ಟಾಪೊ 1937ರಲ್ಲಿ ಮುಚ್ಚಿಸಿತು. ಆ ಬಾಳಿನ ದಾಖಲೆಯಾಗಿ ಅವನು 1939ರಲ್ಲಿ ಪ್ರಕಟಿಸಿದ ಸಣ್ಣ ಪುಸ್ತಕದಲ್ಲಿ ಒಟ್ಟಾಗಿ ಕಳೆಯುವ ದಿನದ ಅಧ್ಯಾಯ ಮೊದಲು, ಒಂಟಿಯಾಗಿ ಕಳೆಯುವ ದಿನದ್ದು ಆಮೇಲೆ. ಮುಂದೆ ನಾಜಿಗಳ ಸೆರೆಮನೆಯಲ್ಲಿ ಅವನು ಕೆಂಪಿಸನನ್ನೂ ಓದಿದ. ಅಲ್ಲಿ ಅವನ ಏಕಾಂತ ಬಲವಂತದ್ದು, ಆದರೂ ಬೆನ್ನ ಹಿಂದೆ ಒಂದು ಸಭೆಯಿತ್ತು.

ಕನ್ನಡಕ್ಕೆ ಈ ಪರಂಪರೆ ಬಂದ ದಾರಿ ಪಯಟಿಸಂ ಎಂಬ ಜರ್ಮನ್ ಪ್ರೊಟೆಸ್ಟೆಂಟ್ ಭಕ್ತಿ ಚಳವಳಿಯದು. 1675ರಲ್ಲಿ ಅದರ ಮೂಲಪುರುಷ ಸ್ಪೇನರ್ 'ಪಿಯಾ ಡೆಸಿಡೇರಿಯಾ'ವನ್ನು ಬರೆದದ್ದು ಯೋಹಾನ್ ಆರ್ನ್ಟ್‌ನ ಪ್ರಸಂಗಗಳಿಗೆ ಮುನ್ನುಡಿಯಾಗಿ. ಆರ್ನ್ಟ್ ಕೆಂಪಿಸನನ್ನು ಜರ್ಮನ್ನರಿಗೆ ಓದಿಸಿದವನು. ಸ್ಪೇನರ್ ಬಯಸಿದ್ದು ಮನೆಯಲ್ಲಿ ಸೇರಿ ಓದುವ ಗುಂಪುಗಳನ್ನು. ಆ ವಾತಾವರಣದಲ್ಲಿ ಬೆಳೆದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಕಲ್ಲಚ್ಚು ಹೂಡಿದರು. ಅದೇ ದಶಕದಲ್ಲಿ ಇಂಗ್ಲಿಷ್ ಲೇಖಕ ಜಾನ್ ಬನ್ಯನ್ನನ ಕಥೆ 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೆ ಬಂತು. ಬನ್ಯನ್ 1678ರಲ್ಲಿ ಪ್ರಕಟಿಸಿದ ಮೊದಲ ಭಾಗದಲ್ಲಿ 'ಕ್ರೈಸ್ತ' ಎಂಬ ಹೆಸರಿನ ಕಥಾನಾಯಕ ಹೆಂಡತಿ ಮಕ್ಕಳನ್ನು ಬಿಟ್ಟು, ಕಿವಿ ಮುಚ್ಚಿಕೊಂಡು ಓಡುತ್ತಾನೆ. ವಿಶ್ವಾಸ ಅಂದರೆ ಹೀಗೆ ಓಡುವುದೇ ಎಂದು ಎಷ್ಟೋ ಜನ ಅಂದುಕೊಂಡದ್ದು ಆ ಚಿತ್ರದ ಬಲದಿಂದ. 1684ರ ಎರಡನೆಯ ಭಾಗದಲ್ಲಿ ಅದೇ ಹೆಂಡತಿ, ಮಕ್ಕಳು, ನೆರೆಮನೆಯ ಹುಡುಗಿ ಒಟ್ಟಾಗಿ ಅದೇ ದಾರಿ ಹಿಡಿಯುತ್ತಾರೆ. ಕುಂಟರಿಗೆ, ಪುಕ್ಕಲರಿಗೆ ಕಾಯುತ್ತಾ ನಿಧಾನವಾಗಿ ನಡೆಯುತ್ತಾರೆ. ಕಲೆಯ ದೃಷ್ಟಿಯಿಂದ ಮೊದಲ ಭಾಗಕ್ಕಿಂತ ಅದು ಸಪ್ಪೆ, ನಿಜ. ಆದರೂ ಮೊದಲನೆಯದನ್ನು ಓದಿದವರು ಎರಡನೆಯದನ್ನು ಬಿಡಬಾರದು. ದಾರಿಯಲ್ಲಿದ್ದ ಸಿಂಹಗಳು, ಅಪಮಾನದ ಕಣಿವೆ ಇಲ್ಲಿಯೂ ಇವೆ. ದಾಟುವವರು ಮಾತ್ರ ಹಲವರು.