ಸ್ಲೈಡ್ ಬಂತು, ಪ್ರಶ್ನೆ ಬರಲಿಲ್ಲ

ಡಿಸೆಂಬರ್ ಬಂತೆಂದರೆ ಸರ್ಜನ್‌ಗಳ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಪುರುಸೊತ್ತಿರುವುದಿಲ್ಲ. ಭಾರತೀಯ ಸರ್ಜನ್‌ಗಳ ಸಂಘದ ವಾರ್ಷಿಕ ಸಮ್ಮೇಳನ ಸಾಮಾನ್ಯವಾಗಿ ನಡೆಯುವುದು ಆ ತಿಂಗಳಲ್ಲೇ. ಹೋದವರು ಹೋಗದವರಿಗೆ ಚಿತ್ರ ಕಳಿಸುತ್ತಾರೆ. ನನ್ನ ಫೋನಿನಲ್ಲಿ ಉಳಿದಿರುವ ಅಂಥ ಒಂದು ಚಿತ್ರ ನೋಡಿ. ಹಿಂದಿನ ಸಾಲಿನಿಂದ ಮೊಬೈಲ್ ಎತ್ತಿ ತೆಗೆದದ್ದು. ಮುಂದಿನವರ ತಲೆ ಅಡ್ಡ ಬಂದಿದೆ, ಪರದೆ ಓರೆಯಾಗಿದೆ. ಎರಡು ಬಣ್ಣದ ಗೆರೆಗಳು ಎಡಗಡೆ ಒಂದೇ ಕಡೆ ಹೊರಟು, ಬಲಕ್ಕೆ ಹೋಗುತ್ತಾ ಒಂದರಿಂದೊಂದು ದೂರ ಸರಿದಿವೆ. ಇಂಥ ಗೆರೆಗಳ ಕೆಳಗೆ, ಪ್ರತಿ ವರ್ಷದ ಕೊನೆಗೆ ಎಷ್ಟು ರೋಗಿಗಳು ಲೆಕ್ಕದಲ್ಲಿ ಉಳಿದಿದ್ದರು ಎಂದು ಹೇಳುವ ಸಣ್ಣಕ್ಷರದ ಸಾಲೊಂದು ಇರುತ್ತದೆ. ಆ ಸಾಲು ಈ ಚಿತ್ರದಲ್ಲಿಲ್ಲ, ಚೌಕಟ್ಟಿನ ಹೊರಗೆ ಉಳಿದಿದೆ. ಚಿತ್ರದ ಅಡಿಯಲ್ಲಿ ಕಳಿಸಿದವರು ಬರೆದದ್ದು ಎರಡೇ ಮಾತು: ‘ಗೇಮ್ ಚೇಂಜರ್’.

ಈ ಪದ್ಧತಿಯನ್ನು ಹಗುರವಾಗಿ ಕಾಣುವವನು ನಾನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಸರ್ಜನ್ ಇದ್ದರೆ, ಅವರು ನಾಲ್ಕು ದಿನ ಊರು ಬಿಟ್ಟರೆ ಓಟಿ ಬಾಗಿಲು ಹಾಕಬೇಕಾಗುತ್ತದೆ. ನೋಂದಣಿ ಶುಲ್ಕ, ಪ್ರಯಾಣ, ಹೋಟೆಲು ಎಲ್ಲಾ ಸೇರಿದರೆ ಒಂದು ಸಮ್ಮೇಳನ ತಿಂಗಳ ಸಂಬಳಕ್ಕೇ ಕೈ ಹಾಕುತ್ತದೆ. ಅಂಥವರಿಗೆ ಹ್ಯಾಷ್‌ಟ್ಯಾಗ್ ಹಿಡಿದು ಟ್ವಿಟರ್‌ನಲ್ಲಿ (ಈಗಿನ ಎಕ್ಸ್) ಒಂದು ಗೋಷ್ಠಿಯನ್ನು ಹಿಂಬಾಲಿಸುವುದು ಸಣ್ಣ ಲಾಭವಲ್ಲ. 2015ರಲ್ಲಿ ‘ನಾನೂ ಸರ್ಜನ್ ಥರಾನೇ ಕಾಣ್ತೀನಿ’ ಎಂಬರ್ಥದ ಹ್ಯಾಷ್‌ಟ್ಯಾಗ್ ಹಿಡಿದು ಜಗತ್ತಿನ ಎಷ್ಟೋ ಮಹಿಳಾ ಸರ್ಜನ್‌ಗಳು ಒಬ್ಬರನ್ನೊಬ್ಬರು ಗುರುತಿಸಿಕೊಂಡರು. ಯಾವ ಸಮ್ಮೇಳನದ ವೇದಿಕೆಯೂ ಅಷ್ಟು ಹೆಣ್ಣುಮಕ್ಕಳಿಗೆ ಒಟ್ಟಿಗೆ ಜಾಗ ಕೊಟ್ಟಿರಲಿಲ್ಲ.

ಸುದ್ದಿ ಬೇಗ ಮುಟ್ಟುವುದು ಜೀವದ ಪ್ರಶ್ನೆಯೂ ಆಗಬಹುದು. 2018ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಸಮ್ಮೇಳನ ನಡೆಯಿತು. ಆರಂಭದ ಹಂತದ ಗರ್ಭಕೊರಳಿನ ಕ್ಯಾನ್ಸರ್‌ಗೆ ಹೊಟ್ಟೆ ತೆರೆದು ಮಾಡುವ ಆಪರೇಷನ್ ಮೇಲೋ, ಲ್ಯಾಪರೋಸ್ಕೋಪಿ ಅಥವಾ ರೋಬೋಟ್ ಮೇಲೋ ಎಂದು 631 ಮಹಿಳೆಯರಲ್ಲಿ ಹೋಲಿಸಿ ನೋಡಿದ ಫಲಿತಾಂಶವನ್ನು ಅಲ್ಲಿ ಮಂಡಿಸಿದರು. ಎರಡೂ ಸಮವಾಗಿರುತ್ತವೆ ಎಂದು ನಂಬಿದ್ದವರಿಗೆ ಅದು ಆಘಾತ. ನಾಲ್ಕೂವರೆ ವರ್ಷಕ್ಕೆ ರೋಗ ಮರುಕಳಿಸದೆ ಬದುಕಿದ್ದವರು ತೆರೆದ ಆಪರೇಷನ್‌ನಲ್ಲಿ ಶೇ 96.5, ಸಣ್ಣ ರಂಧ್ರದ ಆಪರೇಷನ್‌ನಲ್ಲಿ ಶೇ 86. ಇದು ವೈದ್ಯಪತ್ರಿಕೆಯಲ್ಲಿ ಪ್ರಕಟವಾದದ್ದು ಅಕ್ಟೋಬರ್ ಕೊನೆಗೆ. ನಡುವಿನ ಏಳು ತಿಂಗಳಲ್ಲಿ ಎಷ್ಟು ಹೆಂಗಸರು ಓಟಿ ಟೇಬಲ್ ಹತ್ತಿರಲಿಕ್ಕಿಲ್ಲ! ಅವರ ಸರ್ಜನ್‌ಗೆ ಮಾರ್ಚ್‌ನಲ್ಲೇ ವಿಷಯ ತಿಳಿದಿದ್ದರೆ, ಕನಿಷ್ಠ ಅದನ್ನು ರೋಗಿಯ ಮುಂದಿಟ್ಟು ಮಾತಾಡಬಹುದಿತ್ತು.

ಆದರೆ ಇದೇ ವೇಗದಲ್ಲಿ ಎಲ್ಲವೂ ಹರಿದು ಬರುತ್ತದೆ. ಸಮ್ಮೇಳನಗಳಲ್ಲಿ ಮಂಡನೆಯಾದ ಮೂರು ಲಕ್ಷಕ್ಕೂ ಹೆಚ್ಚು ಸಂಶೋಧನಾ ಸಾರಾಂಶಗಳ ಮುಂದಿನ ಗತಿಯನ್ನು ಕಾಕ್ರೇನ್ ಸಂಸ್ಥೆಯ 2018ರ ಸಮೀಕ್ಷೆ ಕಲೆಹಾಕಿತು. ಅವುಗಳಲ್ಲಿ ಪೂರ್ಣ ಲೇಖನವಾಗಿ ಪ್ರಕಟವಾದವು ಸುಮಾರು ಶೇ 37 ಮಾತ್ರ. ಉಳಿದವೆಲ್ಲ ಜೊಳ್ಳೆಂದು ಇದರರ್ಥವಲ್ಲ. ಆದರೆ ಇತರ ಪರಿಣತರು ಕೂತು ಅವುಗಳನ್ನು ಕೇರಿ ನೋಡಿದ ದಾಖಲೆ ನಮ್ಮ ಕೈಯಲ್ಲಿಲ್ಲ. ಮೊಬೈಲಿಗೆ ಬಂದ ಸ್ಲೈಡ್ ಯಾವ ರಾಶಿಯದು ಎಂದು ಅದರ ಮುಖ ನೋಡಿ ಹೇಳಲಾಗದು.

ಸಮ್ಮೇಳನದಲ್ಲಿ ಆ ಕೇರುವ ಕೆಲಸ ಎಲ್ಲಿ ನಡೆಯುತ್ತದೆ ಎಂಬುದು ಹೋದವರಿಗೆ ಗೊತ್ತು. ಭಾಷಣ ಮುಗಿಯುತ್ತಿದ್ದಂತೆ ಹಜಾರದ ನಡುವಿನ ಮೈಕಿನ ಮುಂದೆ ನಾಲ್ಕೈದು ಜನ ಸಾಲು ನಿಲ್ಲುತ್ತಾರೆ. ‘ನಡುವೆಯೇ ಕೈಬಿಟ್ಟುಹೋದ ರೋಗಿಗಳೆಷ್ಟು ಸರ್?’ ‘ನೀವು ಕಲಿಯುತ್ತಿದ್ದಾಗಿನ ಮೊದಲ ಕೇಸುಗಳನ್ನೂ ಲೆಕ್ಕಕ್ಕೆ ಹಿಡಿದಿದ್ದೀರಾ?’ ‘ಲ್ಯಾಪರೋಸ್ಕೋಪಿ ಬಿಟ್ಟು ಹೊಟ್ಟೆ ತೆರೆಯಬೇಕಾಗಿ ಬಂದದ್ದು ಎಷ್ಟು ಸಲ?’ ಒಳ್ಳೆಯ ಪ್ರಶ್ನೆ ಬಿದ್ದಾಗ ಮಾತುಗಾರರು ಒಂದು ಕ್ಷಣ ತಡೆದು ನೀರು ಕುಡಿಯುತ್ತಾರೆ. ಆ ಕ್ಷಣದಲ್ಲಿ ನಾನು ಕಲಿತಷ್ಟು ಸ್ಲೈಡುಗಳಿಂದ ಕಲಿತಿಲ್ಲ. ನಾವು ಹಂಚಿಕೊಳ್ಳುವ ಪೋಸ್ಟುಗಳಲ್ಲಿ ಮಾಯವಾಗುವುದು ನಿಖರವಾಗಿ ಇದೇ. ಪ್ರಶ್ನೋತ್ತರ ಶುರುವಾಗುವ ಹೊತ್ತಿಗೆ ಮೊಬೈಲುಗಳು ಜೇಬು ಸೇರಿರುತ್ತವೆ.

ಸರ್ಜನ್‌ಗಳ ಸಾಮಾಜಿಕ ಜಾಲತಾಣದ ಬಳಕೆಯಲ್ಲಿ ಅತ್ಯಂತ ಯಶಸ್ವಿಯಾದ ಹೊಸತನವೆಂದರೆ, ಇಡೀ ಸಂಶೋಧನೆಯನ್ನು ಮೂರು ನಾಲ್ಕು ಚೌಕದ ಒಂದು ಚಿತ್ರಕ್ಕೆ ಇಳಿಸುವ ಚಿತ್ರಸಾರ. ಅಮೆರಿಕದ ಸರ್ಜನ್ ಆಂಡ್ರ್ಯೂ ಇಬ್ರಾಹಿಂ 2016ರಲ್ಲಿ ‘ಆನಲ್ಸ್ ಆಫ್ ಸರ್ಜರಿ’ ಪತ್ರಿಕೆಯಲ್ಲಿ ಇದನ್ನು ರೂಢಿಗೆ ತಂದರು. ಅವರೇ 44 ಲೇಖನಗಳನ್ನಿಟ್ಟು ಪರೀಕ್ಷಿಸಿದಾಗ, ಬರೀ ಶೀರ್ಷಿಕೆ ಹಾಕಿದ ಟ್ವೀಟಿಗಿಂತ ಚಿತ್ರಸಾರ ಹಾಕಿದ್ದು ಏಳು ಪಟ್ಟಿಗೂ ಹೆಚ್ಚು ಸಲ ಜನರ ಕಣ್ಣಮುಂದೆ ಬಂತು. ಮೂಲ ಲೇಖನದ ಪುಟಕ್ಕೆ ಹೋದವರು ಮಾತ್ರ ಹೆಚ್ಚಿದ್ದು 2.7 ಪಟ್ಟು. ಎಲ್ಲರೂ ಮೊದಲಿನ ಅಂಕಿಯನ್ನೇ ಹೇಳುತ್ತಾರೆ. ನನ್ನ ಕಣ್ಣು ನಿಲ್ಲುವುದು ಎರಡರ ನಡುವಿನ ಅಂತರದ ಮೇಲೆ. ಓದುಗರು ಹೆಚ್ಚಿದ್ದು ನಿಜ, ಅದಕ್ಕಿಂತ ಬಹಳ ಹೆಚ್ಚಿದ್ದು ಚಿತ್ರ ನೋಡಿ ಮುಂದಕ್ಕೆ ಸರಿದವರು.

ವಿಡಿಯೋಗಳ ಕಥೆ ಇನ್ನೂ ಗಂಭೀರ. ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವುದು ನಮ್ಮ ದಿನನಿತ್ಯದ ಕೆಲಸ. ಕತ್ತರಿ ಹಾಕುವ ಮುನ್ನ ಮೂರು ಸಂಗತಿ ಖಚಿತವಾಗಬೇಕು ಎಂದು ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ 1995ರಲ್ಲೇ ಬರೆದಿದ್ದಾರೆ. ಪಿತ್ತಕೋಶದ ಬುಡದ ತ್ರಿಕೋನದಿಂದ ಕೊಬ್ಬು, ನಾರು ಬಿಡಿಸಿರಬೇಕು. ಪಿತ್ತಕೋಶದ ಕೆಳಭಾಗ ಯಕೃತ್ತಿನಿಂದ ಬೇರ್ಪಟ್ಟಿರಬೇಕು. ಒಳಹೋಗುವ ಎಳೆಗಳು ಎರಡೇ ಎರಡು ಕಾಣಬೇಕು. ಇದಕ್ಕೆ ಬೇಕಾದದ್ದು ತಾಳ್ಮೆ. ಒಂದು ನಿಮಿಷದ ರೀಲ್‌ನಲ್ಲಿ ಕತ್ತರಿಸಿ ಹೋಗುವುದು ಆ ತಾಳ್ಮೆಯ ಭಾಗವೇ. ಕ್ಲಿಪ್ ಬಿತ್ತು, ಕತ್ತರಿ ಆಡಿತು, ಪಿತ್ತಕೋಶ ಹೊರಗೆ ಬಂತು. ಇದನ್ನು ನೋಡಿ ಕಲಿತ ಪಿಜಿ ವಿದ್ಯಾರ್ಥಿಯ ಕತ್ತರಿ ಮುಖ್ಯ ಪಿತ್ತನಾಳದ ಮೇಲೆ ಬಿದ್ದರೆ, ರೋಗಿ ವರ್ಷಗಟ್ಟಲೆ ಆಸ್ಪತ್ರೆ ಅಲೆಯಬೇಕಾಗುತ್ತದೆ.

ಇದಕ್ಕೆ ಎದುರಾಗಿ, ಒಬ್ಬ ಹಿರಿಯ ಸರ್ಜನ್ ಹಾಕಿದ್ದ ವಿಡಿಯೋ ನನ್ನ ಮನಸ್ಸಿನಲ್ಲಿ ಉಳಿದಿದೆ. ಊತ ಬಂದು ಕಲ್ಲಿನಂತಾಗಿದ್ದ ಪಿತ್ತಕೋಶ. ಹತ್ತು ನಿಮಿಷ ಬಿಡಿಸಲು ನೋಡಿದರು, ಎಳೆಗಳು ಬಿಡಿಯಾಗಿ ಕಾಣಲೇ ಇಲ್ಲ. ಬುಡದ ಒಂದು ಭಾಗವನ್ನು ಅಲ್ಲೇ ಬಿಟ್ಟು, ಹೊಲಿದು, ಹೊರಬಂದರು. ಅಡಿಯಲ್ಲಿ ಬರೆದಿದ್ದರು: ‘ಇಲ್ಲಿ ನನಗೆ ಭಯವಾಯಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಕೆಳಗೆ ಬಂದ ಉತ್ತರಗಳು ಒಂದು ಪೂರ್ಣ ಗೋಷ್ಠಿಗೆ ಸಮನಾಗಿದ್ದವು. ಜಾಲತಾಣ ನಮ್ಮ ಕಸುಬಿಗೆ ಏನು ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಂಥ ವಿಡಿಯೋ, ಚಿತ್ರ ಹಂಚುವಾಗ ರೋಗಿಯ ಗುರುತು ಕಾಯುವ ವಿಚಾರದಲ್ಲಿ ಬರೆದಿಟ್ಟ ಕಟ್ಟಳೆ ಅಗತ್ಯ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ನಡವಳಿಕೆ ನಿಯಮಗಳಲ್ಲಿ ಜಾಲತಾಣಗಳಿಗೆಂದೇ ಮಾರ್ಗಸೂಚಿ ಇತ್ತು. ಅದೇ ತಿಂಗಳು ಇಡೀ ನಿಯಮಾವಳಿಯನ್ನು ತಡೆಹಿಡಿಯಲಾಯಿತು. ಆದರೆ ಸಮ್ಮೇಳನದಲ್ಲಿ ಫೋಟೊ ತೆಗೆಯುವುದನ್ನೇ ನಿಷೇಧಿಸುವುದು ಪರಿಹಾರವಲ್ಲ. ಅಮೆರಿಕದ ಮಧುಮೇಹ ಸಂಘ 2017ರ ಸಮ್ಮೇಳನದಲ್ಲಿ ಸ್ಲೈಡಿನ ಚಿತ್ರ ಹಾಕಿದ ಟ್ವೀಟುಗಳನ್ನು ಅಳಿಸಲು ಕೇಳಿ, ಸದಸ್ಯರ ಸಿಟ್ಟನ್ನಷ್ಟೇ ಸಂಪಾದಿಸಿತು.

ಸಮ್ಮೇಳನಕ್ಕೆ ಹೋಗುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ವೇದಿಕೆಯ ಚಿತ್ರ ಒಂದು ಸಾಕು. ಮುಂದಿನ ಸಲ ಮೈಕಿನ ಹತ್ತಿರದ ಕುರ್ಚಿ ಹಿಡಿದು ಕೂತುಕೊಳ್ಳಿ. ಯಾರು ಏನು ಕೇಳಿದರು, ಮಾತುಗಾರರು ಏನು ಹೇಳಿದರು, ಯಾವುದಕ್ಕೆ ಉತ್ತರ ಸಿಗಲಿಲ್ಲ, ಅಷ್ಟನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಟೈಪ್ ಮಾಡಿ ಗ್ರೂಪಿಗೆ ಹಾಕಿ. ಡ್ಯೂಟಿ ಮುಗಿಸಿ ರಾತ್ರಿ ಕೂತು ಓದಲು ಊರೂರಲ್ಲಿ ನಾವಿದ್ದೇವೆ.